ಕೆಂಪು ಚೀಟಿಯ ಹಿಂಬದಿ

ಹೆರಿಗೆ ಕೋಣೆಯಲ್ಲಿ ಎರಡು ಟೇಬಲ್ ಇದ್ದವು. ಒಂದರ ಕಾಲು ಮುರಿದು ಒಂದೂವರೆ ವರ್ಷವಾಗಿತ್ತು. ರಿಪೇರಿಗೆ ಬರೆದಿದ್ದೇವೆ ಎನ್ನುತ್ತಲೇ ಅದರ ಮೇಲೆ ಹಳೇ ಫೈಲುಗಳನ್ನು ಪೇರಿಸಿದ್ದರು. ಉಳಿದ ಒಂದರ ಮೇಲೆ ಆ ಪೇಟೆಯ ಬಡವರ ಮಕ್ಕಳೆಲ್ಲ ಹುಟ್ಟಬೇಕು. ಒಬ್ಬಳು ಇಳಿದರೆ ಇನ್ನೊಬ್ಬಳು ಹತ್ತಬೇಕು. ನಡುವೆ ಅದನ್ನು ತೊಳೆಯುವವಳು ಒಬ್ಬಳೇ, ಬಕೆಟ್ಟಕ್ಕ.

ಹತ್ತೊಂಬತ್ತು ವರ್ಷದಿಂದ ತೊಳೆಯುತ್ತಿದ್ದಳು. ರಕ್ತ, ಹೇಲು, ಉಚ್ಚೆ, ವಾಂತಿ. ಮಾಸನ್ನು ಹಳದಿ ಚೀಲಕ್ಕೆ ತುಂಬಿ ಆಸ್ಪತ್ರೆಯ ಹಿಂದಿನ ಗುಂಡಿಯವರೆಗೆ ಹೊತ್ತೊಯ್ಯುವವಳೂ ಅವಳೇ. ಬ್ಲೀಚಿಂಗ್ ಪುಡಿ ಉಗುರುಗಳನ್ನು ತಿಂದುಹಾಕಿತ್ತು. ಬೆರಳಿನ ಗೆರೆಗಳೂ ಸವೆದುಹೋಗಿ, ಹಾಜರಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ಗುರುತು ಹಿಡಿಯುತ್ತಿರಲಿಲ್ಲ. "ಇಲ್ಲಿ ಮನುಷ್ಯರಿಗೇ ನನ್ನ ಗುರುತಿಲ್ಲ, ಪಾಪ, ಮಿಷನ್ನಿಗೆ ಯಾಕೆ ಬೈತೀರಿ?" ಎಂದು ನಗುತ್ತಿದ್ದಳು. ಗುತ್ತಿಗೆ ಕೆಲಸ. ಗುತ್ತಿಗೆದಾರ ವರ್ಷಕ್ಕೊಬ್ಬ ಬದಲಾಗುತ್ತಿದ್ದ, ಬಕೆಟ್ಟು ಮಾತ್ರ ಬದಲಾಗುತ್ತಿರಲಿಲ್ಲ. ಸಿಸ್ಟರುಗಳ ಕೋಣೆಯಲ್ಲಿ ಕುರ್ಚಿ ಮುಟ್ಟುವಂತಿರಲಿಲ್ಲ. ಅವಳ ಚಹಾದ ಲೋಟ ಬಾಗಿಲ ಹಿಂದೆ, ನೆಲದ ಮೇಲೆ, ಪೊರಕೆಯ ಪಕ್ಕ ಇರುತ್ತಿತ್ತು.

ಕೆಂಪು ಚೀಟಿ ಬಂದು ಆರು ವರ್ಷವಾಗಿತ್ತು. ಎಚ್‌ಐವಿ ಇರುವ ಬಸುರಿಯ ಫೈಲಿಗೆ ಅಂಗೈ ಅಗಲದ ಆ ಚೀಟಿ ಅಂಟಿಸಬೇಕು. ಮೇಲಿನ ಆಫೀಸಿನಿಂದ ಕಟ್ಟುಕಟ್ಟಾಗಿ ಬರುತ್ತಿದ್ದವು. ಆ ಫೈಲು ಮುಟ್ಟಲು ಬೇರೆಯವರಿಗೆ ಮನಸ್ಸಿರಲಿಲ್ಲ, ಆದ್ದರಿಂದ ಅಂಟಿಸುವ ಕೆಲಸವೂ ಬಕೆಟ್ಟಕ್ಕನದೇ. ಹಿಂಬದಿಗೆ ಗೋಂದು ಬಳಿದು, ಕೆಂಪು ಮೇಲೆ ಕಾಣುವಂತೆ ಅಂಗೈಯಿಂದ ಒತ್ತುತ್ತಿದ್ದಳು. ನೀಟಾಗಿ ಒತ್ತುತ್ತಿದ್ದಳು, ಒಂದು ಮೂಲೆಯೂ ಏಳುತ್ತಿರಲಿಲ್ಲ. ಕೆಂಪು ಕಂಡರೆ ಏನು ಮಾಡಬೇಕೆಂದು ವಾರ್ಡಿಗೆಲ್ಲ ಗೊತ್ತಿತ್ತು. ಒಳಗೆ ಮಂಚ ಕೊಡಬಾರದು, ಬಚ್ಚಲ ಪಕ್ಕದ ಬೆಂಚು ಸಾಕು. ಎಲ್ಲರ ಹೆರಿಗೆ ಮುಗಿದ ಮೇಲೆ, ಕೊನೆಗೆ, ಅವಳದು. ಯಾಕೆಂದರೆ ಅವಳಾದ ಮೇಲೆ ಟೇಬಲ್ ಅರ್ಧ ಗಂಟೆ ಬ್ಲೀಚಿಂಗ್ ನೀರಿನಲ್ಲಿ ನೆನೆಯಬೇಕು.

ಹಾಗೆಂದು ಯಾರು ಬರೆದಿದ್ದರು? ಯಾರೂ ಕೇಳಿರಲಿಲ್ಲ. ಬಕೆಟ್ಟಕ್ಕನೂ ಕೇಳಿರಲಿಲ್ಲ.

ಆ ದಿನ ಬೆಂಚಿನ ಮೇಲಿದ್ದವಳು ಬಟ್ಟೆ ಫ್ಯಾಕ್ಟರಿಯಲ್ಲಿ ಅಂಗಿಗಳಿಗೆ ಕಾಜ ಹಾಕುವ ಹುಡುಗಿ. ಚೊಚ್ಚಲು. ಬೆಳಿಗ್ಗೆ ಬರುವಾಗಲೇ ನೀರು ಹೋಗಿತ್ತು. ಜೊತೆಗೆ ಅವಳ ಅತ್ತೆ, ತರಕಾರಿ ಗಾಡಿ ತಳ್ಳುವ ಗಟ್ಟಿ ಹೆಂಗಸು. ಅವರ ಕಣ್ಣೆದುರೇ, ಅವರಾದ ಮೇಲೆ ಬಂದ ಇಬ್ಬರು ಒಳಹೋಗಿ, ಹೆತ್ತು, ಮಂಚಕ್ಕೆ ಹೋಗಿಯಾಗಿತ್ತು. ಹುಡುಗಿ ನೋವು ತಾಳಲಾರದೆ ಎದ್ದು ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದಳು. ಕಾಲಿನಿಂದ ನೀರು ಇಳಿಯುತ್ತಿತ್ತು.

ಹೆರಿಗೆ ಕೋಣೆಯ ಬಾಗಿಲಿನಿಂದ ಹೆಡ್ ಸಿಸ್ಟರ್ ಕೂಗಿದಳು.

"ಏಯ್ ಕೆಂಪು ಚೀಟಿ! ಬೆಂಚ್ ಬಿಟ್ಟು ಏಳಬೇಡ ಅಂತ ಎಷ್ಟು ಸಲ ಹೇಳೋದು? ಎಚ್‌ಐವಿ ಇಟ್ಕೊಂಡು ಕಂಡಕಂಡಲ್ಲಿ ಸುರಿಸ್ಕೊಂಡು ಓಡಾಡ್ತೀಯಲ್ಲ, ನಾಚಿಕೆ ಆಗಲ್ವಾ?"

ಪಡಸಾಲೆಯಲ್ಲಿ ಮೂವತ್ತು ನಲವತ್ತು ಜನರಿದ್ದರು. ಎಲ್ಲರೂ ತಿರುಗಿದರು. ಬೆಂಚಿನ ಆ ತುದಿಯಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದರು. ಒಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಹುಡುಗಿ ಮಾತ್ರ ಯಾರನ್ನೂ ನೋಡಲಿಲ್ಲ, ಅತ್ತೆಯ ಮುಖವನ್ನೇ ನೋಡಿದಳು. ಒಂಬತ್ತು ತಿಂಗಳು ಮುಚ್ಚಿಟ್ಟಿದ್ದು ಅವಳಿಂದಲೇ.

ಅತ್ತೆ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು.

"ಎಲ್ಲ ಎದ್ರಾ? ಒಳ್ಳೇದಾಯ್ತು. ಬೆಳಿಗ್ಗೆಯಿಂದ ಕೂರೋಕೆ ಜಾಗ ಇರ್ಲಿಲ್ಲ. ಬಾರೇ, ಕಾಲು ಚಾಚ್ಕೊಂಡು ಮಲಕ್ಕೋ. ನಿಮಗೂ ಅಂಟುತ್ತೆ ಅಂತ ಓಡ್ತಿದೀರಲ್ರೀ, ನಾನು ಎರಡು ವರ್ಷದಿಂದ ಇವಳ ಕೈಯಿಂದ ಉಣ್ತಿದೀನಿ. ಅಂಟಿದ್ದು ಅಂದ್ರೆ ಇವಳ ಹಟ ಒಂದೇ."

ಹುಡುಗಿ ಅತ್ತೆಯ ಸೆರಗು ಹಿಡಿದಳು. "ಅತ್ತೆ, ನಿಮಗೆ..."

"ಮಾತ್ರೆ ಬಾಟ್ಲಿ ಹಿಟ್ಟಿನ ಡಬ್ಬದಲ್ಲಿ ಇಟ್ಟಿದೀಯಲ್ಲ, ಮನೇಲಿ ಹಿಟ್ಟು ತೆಗೆಯೋದು ಯಾರು? ನೀನಾ?" ಅತ್ತೆ ದನಿ ಇಳಿಸಿದಳು. "ನೀನು ಒಂದು ರಾತ್ರಿ ಮರೆತು ಮಲಗಿದ್ದೆ. ಬಾಟ್ಲಿ ನಿನ್ನ ತಲೆದಿಂಬಿನ ಹತ್ರ ಹೇಗೆ ಬಂತು ಅನ್ಕೊಂಡೆ? ನಡ್ಕೊಂಡು ಬಂತಾ? ಈ ಕಾಯಿಲೆ ಮನೆಗೆ ತಂದೋನು ನನ್ನ ಮಗ. ಅವನನ್ನ ಹೆತ್ತೋಳು ನಾನು. ಯಾರಿಗೆ ಬೈಲಿ, ಹೇಳು. ಸುಮ್ನೆ ಮಲಕ್ಕೋ."

ಬೆಂಚಿನ ಕೆಳಗೆ ಹರಿದ ನೀರನ್ನು ಒರೆಸುತ್ತಿದ್ದ ಬಕೆಟ್ಟಕ್ಕನಿಗೆ ನಗು ಬಂತು. ನಗು ಬಂದದ್ದಕ್ಕೆ ಕಣ್ಣೂ ತುಂಬಿತು. ಬಗ್ಗಿದ ತಲೆ ಎತ್ತಲಿಲ್ಲ.

ಹುಡುಗಿಯ ಫೈಲನ್ನು ಯಾರೂ ಮೇಜಿನ ಮೇಲೆ ಇಟ್ಟುಕೊಂಡಿರಲಿಲ್ಲ, ಅವಳ ಮಡಿಲಿಗೇ ಎಸೆದಿದ್ದರು. ಆ ಬೆಳಿಗ್ಗೆ ಗೋಂದಿನ ಡಬ್ಬಿ ಒಣಗಿತ್ತು. ಬಕೆಟ್ಟಕ್ಕ ಚೀಟಿಗೆ ಗುಂಡುಸೂಜಿ ಚುಚ್ಚಿದ್ದಳು. ಸೂಜಿ ಹೊಟ್ಟೆಗೆ ತಾಕಿತೆಂದು ಹುಡುಗಿ ಅದನ್ನು ಕಿತ್ತಳು. ಚೀಟಿ ಅಂಗೈಗೆ ಬಂತು. ತಿರುಗಿಸಿದಳು. ಹಿಂದೆ ಅಕ್ಷರಗಳಿದ್ದವು.

"ಅಕ್ಕಾ, ಇದನ್ನ ಓದಿದೀರಾ?"

"ಓದೋಕೆ ಬಂದಿದ್ರೆ ಈ ಬಕೆಟ್ ಯಾಕೆ ಹಿಡೀತಿದ್ದೆ ತಾಯಿ? ನನ್ನ ಹೆಸರು ಬರೆಯೋಕೆ ಬರುತ್ತೆ, ಅಷ್ಟೇ. ಏನಂತೆ?"

ಹುಡುಗಿ ಓದಿದಳು. ನೋವು ಬಂದಾಗ ನಿಲ್ಲಿಸಿ, ಹೋದಾಗ ಮುಂದುವರಿಸಿ ಓದಿದಳು.

"ಈ ತಾಯಿಗೆ ಮೊದಲ ಆದ್ಯತೆ ಕೊಡಿ. ನೀರು ಹೋದ ಕೂಡಲೇ ವೈದ್ಯರಿಗೆ ತಿಳಿಸಿ. ಹೆರಿಗೆಗೆ ಕಾಯಿಸಬೇಡಿ. ಬೇರೆ ಇರಿಸಬೇಡಿ. ಕಾಯಿಲೆಯ ವಿಷಯ ಇತರರ ಮುಂದೆ ಆಡಬೇಡಿ. ಮಗು ಹುಟ್ಟಿದ ಕೂಡಲೇ ಸಿರಪ್ ಹಾಕಿ."

"ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದಳು.

ಬಕೆಟ್ಟಕ್ಕ ತನ್ನ ಬಲಗೈಯನ್ನು ನೋಡಿಕೊಂಡಳು. ಆರು ವರ್ಷ ಈ ಮಾತುಗಳ ಮೇಲೆ ಗೋಂದು ಬಳಿದ ಕೈ. ಎಷ್ಟು ಜನ? ತಿಂಗಳಿಗೆ ಇಬ್ಬರು, ಮೂವರು. ಅವರಲ್ಲಿ ಒಬ್ಬಳ ಹೆರಿಗೆ ಕಾದು ಕಾದು ಬಚ್ಚಲಲ್ಲೇ ಆಗಿತ್ತು. ಹಿಂದಿನ ದಿನವೇ ನೀರು ಹೋಗಿದ್ದವಳು. ಮಗುವಿನ ತಲೆ ನೆಲಕ್ಕೆ ಬಡಿಯುವ ಮುನ್ನ ಬರಿಗೈಯಲ್ಲಿ ಹಿಡಿದದ್ದು ಬಕೆಟ್ಟಕ್ಕ. ಸಿರಪ್ಪು ಹಾಕಿದ್ದು ಮೂರನೇ ದಿನ. ಒಂದೂವರೆ ವರ್ಷಕ್ಕೆ ರಕ್ತ ನೋಡಿದಾಗ ಮಗುವಿಗೂ ಬಂದಿತ್ತು. ಈಗ ಅದಕ್ಕೆ ಮೂರು ವರ್ಷ. ತಿಂಗಳಿಗೊಮ್ಮೆ ಔಷಧಿ ಕಿಟಕಿಯ ಸಾಲಿನಲ್ಲಿ ಅಮ್ಮನ ಸೊಂಟದ ಮೇಲಿಂದ ಬಕೆಟ್ಟಕ್ಕನಿಗೆ ಕೈ ಬೀಸುತ್ತದೆ. ಬಕೆಟ್ಟಕ್ಕನೂ ಕೈ ಬೀಸುತ್ತಾಳೆ. ಹಣೆಬರಹ ಎಂದುಕೊಂಡು ಬೀಸುತ್ತಿದ್ದಳು.

ಹಣೆಬರಹವಲ್ಲ. ಚೀಟಿಯ ಬರಹ.

ಎಚ್‌ಐವಿ ಇರುವ ಬಸುರಿಯರಿಗೆ ಸಲಹೆ ಕೊಡುವ ಕೌನ್ಸೆಲರ್ ಮೇಡಂ ಕೂಡ ಒಮ್ಮೆ ಹೇಳುತ್ತಿದ್ದುದು ಅವಳಿಗೆ ನೆನಪಿತ್ತು. ದಿನಾ ಮಾತ್ರೆ ತಗೊಂಡು, ನೀರು ಹೋದ ಮೇಲೆ ತಡವಾಗದೆ ಹೆರಿಗೆಯಾಗಿ, ಮಗುವಿಗೆ ಆಗಲೇ ಸಿರಪ್ಪು ಬಿದ್ದರೆ, ನೂರರಲ್ಲಿ ತೊಂಬತ್ತೆಂಟು ಮಕ್ಕಳಿಗೆ ಏನೂ ಆಗುವುದಿಲ್ಲ. ನೆಲ ಒರೆಸುತ್ತಾ ಕೇಳಿಸಿಕೊಂಡಿದ್ದಳು. ಮೇಡಂ ಹೇಳುವುದು ಒಂದು, ವಾರ್ಡಿನ ಪದ್ಧತಿ ಇನ್ನೊಂದು ಎಂದು ಬಿಟ್ಟಿದ್ದಳು.

ಚೀಟಿ ಹಿಡಿದು ಹೆಡ್ ಸಿಸ್ಟರ್ ಹತ್ತಿರ ಹೋದಳು.

"ಸಿಸ್ಟರ್, ಇದರ ಹಿಂದೆ ಬರ್ದಿದೆ. ಮೊದಲು ಮಾಡ್ಬೇಕಂತೆ."

"ನೀನು ಯಾವಾಗಿಂದ ಓದೋಕೆ ಶುರು ಮಾಡ್ದೆ?"

"ಆ ಹುಡುಗಿ ಓದಿದ್ಲು."

"ಬರ್ದಿರ್ತಾರೆ. ಬರೆಯೋರಿಗೇನು, ಅವರು ಬಂದು ಹೆರಿಗೆ ಮಾಡಿಸ್ತಾರಾ? ಟ್ರೈನಿಂಗಲ್ಲಿ ನಮಗೂ ಇದನ್ನೇ ಊದಿದಾರೆ. ಇರೋದೊಂದು ಟೇಬಲ್ಲು. ಅವಳನ್ನ ಮೊದಲು ಹತ್ತಿಸಿದ್ರೆ ಆಮೇಲೆ ಅರ್ಧ ಗಂಟೆ ಎಲ್ರೂ ಬಾಯಿ ಬಿಟ್ಕೊಂಡು ಕಾಯ್ಬೇಕು. ಹೋಗು, ಟೇಬಲ್ ತೊಳಿ. ನಮ್ಮಾಸ್ಪತ್ರೆ ಗುಮಾಸ್ತರ ನಾದಿನಿ ಬಂದಿದಾಳೆ, ಅವಳನ್ನ ಮಲಗಿಸ್ಬೇಕು."

ಗುಮಾಸ್ತನ ನಾದಿನಿ ಪಡಸಾಲೆಯಲ್ಲಿ ಫೋನಿನಲ್ಲಿ ಮಾತಾಡುತ್ತಾ ಓಡಾಡುತ್ತಿದ್ದಳು. ನೋವು ಆಗೊಮ್ಮೆ ಈಗೊಮ್ಮೆ. ಅವಳಿಗೆ ಸಂಜೆಯವರೆಗೆ ಟೈಮಿದೆ ಎಂದು ಬಕೆಟ್ಟಕ್ಕನಿಗೆ ನಡಿಗೆ ನೋಡಿದರೇ ಗೊತ್ತಾಗುತ್ತಿತ್ತು.

ಇವರಿಗೆ ಗೊತ್ತಿತ್ತು. ಬಕೆಟ್ಟಕ್ಕನ ತಲೆಯಲ್ಲಿ ಅದೊಂದೇ ಸುತ್ತಿತು. ಎಲ್ಲ ಗೊತ್ತಿದ್ದೇ ಮಾಡಿದರು. ಗೊತ್ತಿಲ್ಲದೆ ಮಾಡಿದ್ದು ಗೋಂದು ಹಚ್ಚಿದವಳು ಒಬ್ಬಳೇ.

ಟೇಬಲ್ ತೊಳೆದಳು. ಎಂದಿನಂತೆಯೇ. ಮೇಲಿನಿಂದ ಕೆಳಕ್ಕೆ, ಕಾಲಿಡುವ ಕೊಂಡಿಗಳ ಸಂದಿ, ಕೆಳಗಿನ ಡಬ್ಬಿ. ಯಾರ ರಕ್ತವಾದರೂ ಅವಳು ಹೀಗೇ ತೊಳೆಯುತ್ತಿದ್ದಳು. ಚೀಟಿ ಇಲ್ಲದವರ ರಕ್ತದಲ್ಲಿ ಏನಿತ್ತೆಂದು ಯಾರು ಕಂಡಿದ್ದರು? ಕೈಗವಸು ತಿಂಗಳಿಗೆ ನಾಲ್ಕು ಜೊತೆ ಕೊಡುತ್ತಿದ್ದರು. ಹರಿದವನ್ನು ಒಗೆದು ಒಣಹಾಕಿ ಮತ್ತೆ ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಅಂಟೀತು ಎಂದು ಇಲ್ಲಿ ಯಾರೂ ಹೆದರಿರಲಿಲ್ಲ.

ಹೊಸ ಹಾಳೆ ಹಾಸಿದಳು. ಹೊರಗೆ ಬಂದಳು. ಗುಮಾಸ್ತನ ನಾದಿನಿಯನ್ನು ದಾಟಿ ಬಚ್ಚಲ ಪಕ್ಕಕ್ಕೆ ಹೋದಳು.

"ಅತ್ತೆಮ್ಮಾ, ಆ ಕಡೆ ಹಿಡ್ಕೊಳ್ಳಿ."

"ಎಲ್ಲಿಗೆ?"

"ಟೇಬಲ್ ಮೇಲಕ್ಕೆ."

ಇಬ್ಬರೂ ಹುಡುಗಿಯ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಪಡಸಾಲೆಯ ಜನ ತಾವಾಗಿಯೇ ದಾರಿ ಬಿಟ್ಟರು, ಸೀರೆ ಪ್ಯಾಂಟು ಎಳೆದುಕೊಂಡು ಗೋಡೆಗೆ ಒತ್ತಿ ನಿಂತರು. ಮಂತ್ರಿ ಬಂದರೂ ಅಷ್ಟು ಅಗಲದ ದಾರಿ ಬಿಡುತ್ತಿರಲಿಲ್ಲ. ಹುಡುಗಿ ಟೇಬಲ್ ಹತ್ತಿದಳು. ಬಕೆಟ್ಟಕ್ಕ ಅವಳ ಕಾಲುಗಳನ್ನು ಕೊಂಡಿಗಳಿಗೆ ಏರಿಸಿದಳು.

ಸಿಸ್ಟರ್ ಓಡಿಬಂದಳು. "ಏನು ಮಾಡ್ತಿದೀಯ? ತಲೆ ಕೆಟ್ಟಿದ್ಯಾ? ಇಳಿಸು ಅವಳನ್ನ!"

"ನಾನು ಇಳಿಸಲ್ಲ."

"ಇಳಿಸು ಅಂದ್ನಲ್ಲ!"

"ನೀವೇ ಇಳಿಸಿ ಸಿಸ್ಟರ್. ತೋಳು ಹಿಡೀರಿ, ಕಾಲು ಹಿಡೀರಿ, ಇಳಿಸಿ. ನಾನು ಅಡ್ಡ ಬರಲ್ಲ."

ಸಿಸ್ಟರ್ ಎರಡು ಹೆಜ್ಜೆ ಮುಂದೆ ಬಂದಳು. ಹುಡುಗಿಯ ತೊಡೆಗಳು ಒದ್ದೆಯಾಗಿದ್ದವು. ಟೇಬಲ್ಲಿನ ಅಂಚಿನಿಂದ ನೀರೂ ರಕ್ತವೂ ತೊಟ್ಟಿಕ್ಕುತ್ತಿದ್ದವು. ಸಿಸ್ಟರ್ ಕೈ ಚಾಚಿದಳು. ಕೈ ಅಲ್ಲಿಯೇ ನಿಂತಿತು. ವಾರ್ಡ್‌ಬಾಯ್‌ನನ್ನು ಕರೆದಳು. ಅವನು ಬಾಗಿಲಲ್ಲಿ ಇಣುಕಿ, "ನನಗೆ ಮಕ್ಕಳಿದಾರೆ ಸಿಸ್ಟರ್" ಎಂದು ಮಾಯವಾದ. ಮುಟ್ಟಬಾರದೆಂದು ಆರು ವರ್ಷ ದೂರವಿಟ್ಟ ಮೈ ಈಗ ಟೇಬಲ್ಲಿನ ಮೇಲಿತ್ತು. ಅದನ್ನು ಕದಲಿಸಲು ಆ ಆಸ್ಪತ್ರೆಯಲ್ಲಿ ಒಂದು ಕೈಯೂ ಇರಲಿಲ್ಲ.

ಡಾಕ್ಟರ್ ಬಂದ. ಬಾಗಿಲಲ್ಲೇ ನಿಂತ.

"ಏನಿದು ರೌಡಿತನ? ಯಾರಮ್ಮ ನೀನು ಇಲ್ಲಿ ಯಾರು ಮೊದಲು ಅಂತ ಹೇಳೋಕೆ?"

"ಟೇಬಲ್ ತೊಳೆಯೋಳು. ಈಗ ತೊಳೆದಿದ್ದು ಇವಳಿಗೆ. ಇವಳದಾದ ಮೇಲೆ ಇನ್ನೊಬ್ಬರಿಗೆ ತೊಳೀತೀನಿ. ಇವಳನ್ನ ಬಿಟ್ಟು ಬೇರೆಯವರಿಗೆ ಅಂದ್ರೆ, ಬಕೆಟ್ ಅಲ್ಲಿದೆ, ತಗೊಳ್ಳಿ. ಬ್ಲೀಚಿಂಗ್ ಎರಡು ಚಮಚ ಹಾಕಿ, ಜಾಸ್ತಿ ಹಾಕಿದ್ರೆ ಉಗುರು ಹೋಗುತ್ತೆ."

"ನಿನ್ನ ಗುತ್ತಿಗೆದಾರನಿಗೆ ಈಗಲೇ ಫೋನ್ ಮಾಡ್ತೀನಿ. ಇಷ್ಟು ವರ್ಷ ಅನ್ನ ಹಾಕಿದ ಆಸ್ಪತ್ರೆ ಅನ್ನೋದೂ ಇಲ್ಲದೆ..."

"ಭಾಷಣ ಆಮೇಲೆ ಮಾಡಿ ಡಾಕ್ಟ್ರೇ," ಎಂದಳು ಅತ್ತೆ, ಸೊಸೆಯ ಮಂಡಿ ಹಿಡಿದುಕೊಂಡೇ. "ತಲೆ ಬಂತು."

ಡಾಕ್ಟರ್ ನೋಡಿದ. ಬಂದಿತ್ತು. ಅವನು ಒಂದರ ಮೇಲೊಂದು ಎರಡು ಜೊತೆ ಕೈಗವಸು ಹಾಕಿಕೊಂಡ. ಸಿಸ್ಟರಿಗೆ ಕತ್ತರಿ ಕೇಳಿದ. ದಾರಿ ಅಗಲ ಮಾಡಲು ಕೊಯ್ಯುವ ಕತ್ತರಿ.

"ಕೊಯ್ಬೇಡಿ," ಎಂದಳು ಹುಡುಗಿ. ಹಲ್ಲು ಕಚ್ಚಿಕೊಂಡೇ ಅಂದಳು. "ಸುಮ್‌ಸುಮ್ನೆ ಕೊಯ್ಬಾರದು ಅಂತ ಕೌನ್ಸೆಲರ್ ಮೇಡಂ ಹೇಳಿದಾರೆ. ರಕ್ತ ಜಾಸ್ತಿ ಆದ್ರೆ ಮಗುಗೆ ಅಪಾಯ. ನಾನು ನೂಕ್ತೀನಿ. ನೂಕ್ತೀನಿ."

ನೂಕಿದಳು. ಕುತ್ತಿಗೆಯ ನರಗಳು ಹಗ್ಗದಂತೆ ಉಬ್ಬಿದವು. ಬಕೆಟ್ಟಕ್ಕ ಅವಳ ಬೆನ್ನ ಹಿಂದೆ ನಿಂತು ತನ್ನ ಎದೆಯನ್ನೇ ಒರಗು ಕೊಟ್ಟಳು. ಹುಡುಗಿಯ ಉಗುರು ಅವಳ ಮುಂಗೈಗೆ ನಾಟಿತು. ನಾಲ್ಕನೆಯ ನೂಕಿಗೆ ಮಗು ಹೊರಬಿತ್ತು. ಹೆಣ್ಣು. ಅದರ ಅಳು ಕೋಣೆ ತುಂಬಿತು.

ಮಗುವನ್ನು ಟ್ರೇಯಲ್ಲಿಟ್ಟು ಸಿಸ್ಟರ್ ಹಿಂದೆ ಸರಿದಳು. ಒರೆಸಿದ್ದು ಬಕೆಟ್ಟಕ್ಕ. ಕಿವಿಯ ಹಿಂದೆ, ಕತ್ತಿನ ಮಡಿಕೆ, ಬೆರಳ ಸಂದಿ. ಅಮ್ಮನ ರಕ್ತ ಒಂದು ಚುಕ್ಕೆಯೂ ಉಳಿಯದಂತೆ ಒರೆಸಿದಳು.

"ಸಿರಪ್ಪು?" ಎಂದಳು.

"ಕಪಾಟಿಗೆ ಬೀಗ ಹಾಕಿದೆ. ಕೀ ಕೌನ್ಸೆಲರ್ ಹತ್ರ. ಅವರು ಮೀಟಿಂಗಿಗೆ ಹೋಗಿದಾರೆ, ನಾಡಿದ್ದು ಬರ್ತಾರೆ," ಎಂದಳು ಸಿಸ್ಟರ್.

"ಎಂಥ ಮೀಟಿಂಗು?"

ಡಾಕ್ಟರ್ ಕೈಗವಸು ಕಳಚುತ್ತಾ ಹೇಳಿದ, "ಇದರದ್ದೇ. ತಾಯಿಯಿಂದ ಮಗುಗೆ ಬರದಂತೆ ತಡೆಯೋದರ ಬಗ್ಗೆ." ಹೇಳಿದ ಮೇಲೆ ತನಗೇ ಕೇಳಿಸಿತೋ ಏನೋ, ಬೇರೆ ಕಡೆ ನೋಡಿದ.

ಫೋನ್ ಮಾಡಿದರು. ಬಂದ್ ಆಗಿತ್ತು. "ನಾಡಿದ್ದು ಹಾಕೋಣ ಬಿಡಿ. ಅವಳು ಮಾತ್ರೆ ತಗೊಂಡಿದಾಳಲ್ಲ," ಎಂದಳು ಸಿಸ್ಟರ್.

ಮೂರನೇ ದಿನ. ಔಷಧಿ ಕಿಟಕಿಯಲ್ಲಿ ಬೀಸುವ ಆ ಪುಟ್ಟ ಕೈ.

ಬಕೆಟ್ಟಕ್ಕ ಮಗುವನ್ನು ಅತ್ತೆಯ ಕೈಗೆ ಕೊಟ್ಟಳು. ಮೂಲೆಯಲ್ಲಿ ಆಕ್ಸಿಜನ್ ಸಿಲಿಂಡರ್ ತಿರುಗಿಸುವ ಕಬ್ಬಿಣದ ಸ್ಪ್ಯಾನರ್ ಇತ್ತು. ತಗೊಂಡಳು. ಕೌನ್ಸೆಲರ್ ಕೋಣೆ ಪಡಸಾಲೆಯ ಕೊನೆಗೆ. ಜನ ಮತ್ತೆ ದಾರಿ ಬಿಟ್ಟರು. ಮೊದಲ ಏಟಿಗೆ ಕಪಾಟಿನ ಬೀಗ ಜಗ್ಗಲಿಲ್ಲ. ಎರಡನೆಯದಕ್ಕೆ ಬಾಗಿತು. ಮೂರನೆಯದಕ್ಕೆ ಕೊಂಡಿಯ ಸಮೇತ ಕಿತ್ತುಬಂತು. ಒಳಗೆ ಸಿರಪ್ಪಿನ ಬಾಟಲಿಗಳು ಸಾಲಾಗಿ ನಿಂತಿದ್ದವು, ಹನ್ನೊಂದು, ಒಂದರ ಮುಚ್ಚಳವೂ ತೆಗೆದಿರಲಿಲ್ಲ.

ಒಂದನ್ನು ತಂದು ಡಾಕ್ಟರನ ಮುಂದೆ ಹಿಡಿದಳು. "ಬೀಗ ಒಡೆದ ತಪ್ಪು ನನ್ನ ತಲೆ ಮೇಲಿರ್ಲಿ. ಎಷ್ಟು ಹಾಕ್ಬೇಕು ಹೇಳಿ. ಅದು ನಿಮ್ಮ ಕೆಲಸ."

ಅವನು ಬಾಟಲಿ ನೋಡಿದ, ಮಗುವನ್ನು ನೋಡಿದ. "ತೂಕ?" ಎಂದ. ತೂಗಿದರು. ಅವನು ಅಳತೆ ಹೇಳಿದ. ಸಿಸ್ಟರ್ ಪಿಚಕಾರಿಗೆ ಎಳೆದು ಬಕೆಟ್ಟಕ್ಕನ ಕೈಗೆ ಕೊಟ್ಟಳು. ಮಗು ಮೊದಲ ತೊಟ್ಟಿಗೆ ಮುಖ ಕಿವುಚಿತು, ಆಮೇಲೆ ಚಪ್ಪರಿಸಿತು. ಅಷ್ಟೂ ನುಂಗಿತು.

"ನಾಲಿಗೆ ಅಜ್ಜೀದೇ," ಎಂದಳು ಅತ್ತೆ. "ಏನು ಕೊಟ್ರೂ ಬೇಡ ಅನ್ನಲ್ಲ."

ಮಧ್ಯಾಹ್ನ ಇಳಿದ ಮೇಲೆ ಡಾಕ್ಟರ್ ವಾರ್ಡಿಗೆ ಬಂದ. ಹಿಂದೆ ಸಿಸ್ಟರ್, ಕೈಯಲ್ಲಿ ಕಾಗದ. ಹುಡುಗಿಗೆ ಮಂಚ ಸಿಕ್ಕಿತ್ತು. ಕೇಳಿ ಪಡೆದದ್ದಲ್ಲ, ಅತ್ತೆ ಚೀಲವಿಟ್ಟು ಕೂತು ಹಿಡಿದದ್ದು. ಮಗು ಮೊಲೆ ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗಿತ್ತು. ಬಕೆಟ್ಟಕ್ಕ ಮಂಚದ ಪಕ್ಕ ನಿಂತಿದ್ದಳು. ಸುತ್ತ ಹನ್ನೆರಡು ಮಂಚ, ಹನ್ನೆರಡು ಬಾಣಂತಿಯರು, ಅವರ ಕಡೆಯವರು.

"ಇದಕ್ಕೆ ಸಹಿ ಹಾಕು," ಎಂದ ಡಾಕ್ಟರ್. "ತಪ್ಪೊಪ್ಪಿಗೆ. ಹಾಕಿದ್ರೆ ಪೊಲೀಸಿಗೆ ಕೊಡಲ್ಲ. ಕೆಲಸ ಮಾತ್ರ ಹೋಗುತ್ತೆ."

ಬಕೆಟ್ಟಕ್ಕ ಕಾಗದ ತೆಗೆದುಕೊಂಡು ಹುಡುಗಿಯ ಕೈಗೆ ಕೊಟ್ಟಳು. "ಓದಮ್ಮ."

ಹುಡುಗಿ ಓದಿದಳು. ಸದರಿ ಹೆಂಗಸು ಮಧ್ಯಾಹ್ನ ಒಂದು ಐವತ್ತಕ್ಕೆ ಆಸ್ಪತ್ರೆಯ ಕಪಾಟಿನ ಬೀಗ ಒಡೆದಿರುತ್ತಾಳೆ. ವೈದ್ಯರ ಕರ್ತವ್ಯಕ್ಕೆ ಅಡ್ಡಿಪಡಿಸಿರುತ್ತಾಳೆ.

"ಅಷ್ಟೇನಾ?"

"ಅಷ್ಟೇ ಅಕ್ಕ."

"ಒಡೆದಿದ್ದು ನಿಜ, ಸಹಿ ಹಾಕ್ತೀನಿ," ಎಂದಳು ಬಕೆಟ್ಟಕ್ಕ. "ಆದ್ರೆ ಒಂದು ಐವತ್ತಕ್ಕೆ ದಿನ ಶುರುವಾಗಲ್ಲ ಡಾಕ್ಟ್ರೇ. ಅದಕ್ಕೆ ಮುಂಚಿನದ್ದೂ ಬರೀರಿ. ಬರೆಯೋವರೆಗೆ ನಾನು ಈ ಪೆನ್ನು ಮುಟ್ಟಲ್ಲ."

"ಮುಂಚಿನದ್ದು ಏನು? ಯಾರಿಗೆ ಗೊತ್ತು ಮುಂಚಿನದ್ದು?"

"ನನಗೆ ಗೊತ್ತು," ಎಂದಳು ಹುಡುಗಿ.

ಮಗುವನ್ನು ಮೊಲೆಯಿಂದ ಬಿಡಿಸದೆ, ಒಂದು ಕೈ ಊರಿ ಎದ್ದು ಕೂತಳು. ನೋವಿಗೆ ಮುಖ ಬಿಳಿಚಿತು. ದನಿ ಮಾತ್ರ ವಾರ್ಡಿನ ಕೊನೆಯ ಮಂಚಕ್ಕೂ ಕೇಳಿಸುವಂತಿತ್ತು.

"ಬರೀರಿ. ನನಗೆ ಎಚ್‌ಐವಿ ಇದೆ. ಬೆಳಿಗ್ಗೆ ಸಿಸ್ಟರ್ ಕೂಗಿ ಹೇಳಿದ್ರು, ಈಗ ನಾನೇ ಹೇಳ್ತಿದೀನಿ. ಏಳು ಗಂಟೆಗೆ ನೀರು ಹೋಯ್ತು. ಏಳೂ ಇಪ್ಪತ್ತಕ್ಕೆ ಇಲ್ಲಿಗೆ ಬಂದ್ವಿ. ಏಳೂವರೆಗೆ ಬಚ್ಚಲ ಹತ್ರ ಕೂರಿಸಿದ್ರು. ಎಂಟೂ ಹತ್ತಕ್ಕೆ ನನಗಿಂತ ಆಮೇಲೆ ಬಂದೋರನ್ನ ಒಳಗೆ ಕರೆದ್ರು. ಒಂಬತ್ತಕ್ಕೆ ನಮ್ಮತ್ತೆ ಹೋಗಿ ಡಾಕ್ಟರನ್ನ ಕರೀರಿ ಅಂದ್ರು, ಬಾಗಿಲು ಹಾಕಿದ್ರು. ಒಂಬತ್ತೂ ಮುಕ್ಕಾಲಿಗೆ ಇನ್ನೊಬ್ಬರನ್ನ ಕರೆದ್ರು. ಹತ್ತಕ್ಕೆ..."

"ಸಾಕು, ಸಾಕಮ್ಮ," ಡಾಕ್ಟರ್ ಕೈ ಎತ್ತಿದ. "ಟೈಮ್ ಎಲ್ಲ ಹಾಗೆ ಬಾಯಿಗೆ ಬಂದಂಗೆ ಹೇಳಿದ್ರೆ ಆಗಲ್ಲ."

"ಬೆಂಚಿನ ಎದುರಿಗೇ ಗಡಿಯಾರ ಇತ್ತು. ನೋಡೋಕೆ ಬೇರೆ ಏನಿತ್ತು ನನಗೆ?"

ಆಚೆ ಮಂಚದಿಂದ ಯಾರೋ, "ಹೌದು ಹೌದು, ನನ್ನನ್ನೇ ಕರೆದಿದ್ದು ಎಂಟೂ ಹತ್ತಕ್ಕೆ" ಎಂದರು. ಅತ್ತೆ ಸಿಸ್ಟರ್ ಜೇಬಿನಿಂದ ಇಣುಕುತ್ತಿದ್ದ ಪೆನ್ನನ್ನು ನೋಡುತ್ತಿದ್ದಳು. ಬಕೆಟ್ಟಕ್ಕ ಎದೆಯ ಮೇಲೆ ಕೈಕಟ್ಟಿ ನಿಂತಿದ್ದಳು. ಹೆರಿಗೆ ಕೋಣೆಯಲ್ಲಿ ತೊಳೆಯದ ಟೇಬಲ್ ಕಾಯುತ್ತಿತ್ತು, ಗುಮಾಸ್ತನ ನಾದಿನಿಯ ನರಳಾಟ ಈಗ ನಿಜವಾಗಿಯೇ ಶುರುವಾಗಿತ್ತು.

"ಮುಗೀತಲ್ಲ?" ಎಂದ ಡಾಕ್ಟರ್.

"ಎಲ್ಲಿ ಮುಗೀತು ಡಾಕ್ಟ್ರೇ?" ಎಂದಳು ಹುಡುಗಿ. "ನಾನಿನ್ನೂ ಹತ್ತು ಗಂಟೆವರೆಗೆ ಹೇಳಿದೀನಿ, ಅಷ್ಟೇ. ಬೆಂಚಿನ ಮೇಲೇ ಇದೀನಿ. ಬರೀರಿ."